ಊಟ ಆಗಿಲ್ಲ ಎಂದ ಪೆಟ್ಟಿಗೆ

ಚಳಿ ಪೂರ್ತಿ ಬಿಟ್ಟಿರಲಿಲ್ಲ, ಬಿಸಿಲು ಪೂರ್ತಿ ಹಿಡಿದಿರಲಿಲ್ಲ. ಅಂಥ ದಿನಗಳಲ್ಲಿ ಒಂದು ಗುರುವಾರ ಬೆಳಿಗ್ಗೆ, ವಾರ್ಡಿನ ನೆಲ ಒರೆಸಿ ಇನ್ನೂ ಒಣಗದಿದ್ದ ಹೊತ್ತಿನಲ್ಲಿ, ಕಾಲು ಜಾರದಂತೆ ಗೋಡೆ ಹಿಡಿದುಕೊಂಡು ತಂತಿ ಒಳಗೆ ಬಂದ. ಊಟದ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು ತಿರುಗಿದರೆ, ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತ ಭಾವ ಕಂಡ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗೋಣ ಅನ್ನಿಸಿತು. ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನೆಲ ಜಾರುತ್ತಿತ್ತು.

ತಂತಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆಳು ತೆಳ್ಳಗಿದ್ದದ್ದು ನಿಜ, ಆದರೆ ಹೆಸರು ಬಂದದ್ದು ಕೆಲಸದಿಂದ. ಆ ಚಿಕ್ಕ ಆಸ್ಪತ್ರೆಯಲ್ಲಿ ಹಾಸಿಗೆಯ ಪಕ್ಕ ಒಂದು ಯಂತ್ರವಿತ್ತು. ರೋಗಿಯ ಬಿ.ಪಿ., ನಾಡಿ, ಜ್ವರ ಎಲ್ಲವನ್ನೂ ತನ್ನ ಮುಖದ ಮೇಲೆ ಬರೆದುಕೊಂಡು ಟುಂಯ್ ಟುಂಯ್ ಅನ್ನುತ್ತಿತ್ತು. ಹಜಾರದ ಆಚೆ ದಾಖಲೆ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ರೋಗಿಗಳ ಜಾತಕವೆಲ್ಲ ಅದರ ಹೊಟ್ಟೆಯಲ್ಲಿ. ಯಂತ್ರ ಒಂದು ಕಂಪನಿಯದು, ಕಂಪ್ಯೂಟರಿನೊಳಗಿನ ವ್ಯವಸ್ಥೆ ಇನ್ನೊಂದು ಕಂಪನಿಯದು. ಎರಡೂ ಮಾತು ಬಿಟ್ಟ ಓರಗಿತ್ತಿಯರ ಹಾಗೆ ಒಂದೇ ಸೂರಿನಡಿ ಮುಖ ತಿರುಗಿಸಿಕೊಂಡು ಬಾಳುತ್ತಿದ್ದವು. ಇವಳ ಮಾತನ್ನು ಅವಳಿಗೆ ಮುಟ್ಟಿಸುವವನು ತಂತಿ. ಯಂತ್ರದ ಮುಖ ನೋಡಿ, ಅಂಕಿಗಳನ್ನು ಬಾಯಲ್ಲಿ ಗುನುಗುತ್ತ ಹಜಾರ ದಾಟಿ, ಒಂದೇ ಬೆರಳಲ್ಲಿ ಕಂಪ್ಯೂಟರಿಗೆ ಕುಟ್ಟುತ್ತಿದ್ದ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಅಂಕಿ ಮರೆತು ಮತ್ತೆ ಹಿಂದಕ್ಕೆ.

ಕಂಪ್ಯೂಟರಿನ ಪುಟದ ಕೊನೆಯಲ್ಲಿ 'ಇತರೆ' ಎಂದು ಒಂದು ಖಾಲಿ ಮನೆ ಇತ್ತು. ಬೇರೆಯವರಾದರೆ ಹಾಗೇ ಬಿಡುತ್ತಿದ್ದರು. ತಂತಿಗೆ ಅದನ್ನು ಖಾಲಿ ಬಿಟ್ಟರೆ ಅಂಗಿಯ ಕೊನೆಯ ಗುಂಡಿ ಹಾಕದೆ ಬೀದಿಗೆ ಹೊರಟ ಹಾಗೆ. ಅದಕ್ಕೇ ಪ್ರತಿಯೊಬ್ಬ ರೋಗಿಯನ್ನೂ "ಊಟ ಆಯ್ತಾ?" ಎಂದು ಕೇಳಿ, ಅವರು ಹೇಳಿದ್ದನ್ನು ಅಲ್ಲಿ ತುಂಬುತ್ತಿದ್ದ. 'ಊಟ ಆಗಿದೆ.' 'ಊಟ ಆಗಿಲ್ಲ.' 'ಊಟ ಆಗಿದೆ, ಆದರೆ ಮಗಳ ಮೇಲೆ ಸಿಟ್ಟಿದೆ.'

ಹೋದ ವಾರ ಈ ಓರಗಿತ್ತಿಯರ ನಡುವೆ ಸಂಧಾನಕ್ಕೆ ಒಂದು ಪೆಟ್ಟಿಗೆ ಬಂದಿತ್ತು. ತರಿಸಿದವನು ಭಾವ. ತಂತಿಯ ಅಕ್ಕನ ಗಂಡ, ದಾಖಲೆ ಕೋಣೆಯ ಗುಮಾಸ್ತ. ಯಂತ್ರ ಹೇಳಿದ್ದನ್ನು ಪೆಟ್ಟಿಗೆಯೇ ಕಂಪ್ಯೂಟರಿಗೆ ತಿಳಿಸುತ್ತದಂತೆ, ನಡುವೆ ಮನುಷ್ಯರೇ ಬೇಡವಂತೆ. ಕಂಪನಿಯವನು ಬಂದು, ಒಂದನೇ ಹಾಸಿಗೆಯ ಪಕ್ಕದಲ್ಲಿ ಹೊದಿಕೆ ಇಡುವ ಕಬ್ಬಿಣದ ಬೀರುವಿನ ನೆತ್ತಿಗೆ ಪೆಟ್ಟಿಗೆಯನ್ನು ತಿರುಪು ಹಾಕಿ ಬಿಗಿದ. ಕಂಪ್ಯೂಟರನ್ನೂ ಅದರ ಪಕ್ಕಕ್ಕೇ ತಂದಿಡಿಸಿದ. ಹಸಿರು ದೀಪ ಹತ್ತಿತು. "ದೀಪ ಹತ್ತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ ಸಾರ್" ಎಂದು ಹೇಳಿ ಹೋದ. ಭಾವ ಅದನ್ನು ನಂಬಿ ಡಾಕ್ಟರಿಗೆ, "ನಾನೇ ಪರೀಕ್ಷೆ ಮಾಡಿದೀನಿ ಸಾರ್, ಅರಳು ಹುರಿದ ಹಾಗೆ ಮಾತಾಡುತ್ತೆ" ಎಂದ. ಡಾಕ್ಟರು ಭಾವನನ್ನು ನಂಬಿ, ತಮ್ಮ ಆಸ್ಪತ್ರೆಯನ್ನು ಜೊತೆಗೆ ಸೇರಿಸಿಕೊಂಡಾರೆಂಬ ಆಸೆಯಿಂದ, ಪೇಟೆಯ ದೊಡ್ಡಾಸ್ಪತ್ರೆಯ ಮುಖ್ಯಸ್ಥರನ್ನು ಪೆಟ್ಟಿಗೆ ನೋಡಲು ಕರೆದರು. ಅವರು ಬರುವ ದಿನವೇ ಈ ಗುರುವಾರ.

"ಏನಾಯ್ತು ಭಾವ?"

"ಆಗೋದೇನು? ನೀನೇ ನೋಡು."

ಪರದೆಯ ಮೇಲೆ 'ಕಾಯಿರಿ' ಎಂದಿತ್ತು.

"ಎಷ್ಟೊತ್ತಿಂದ ಕಾಯ್ತಿದೀರಿ?"

"ಹೋದ ವಾರದಿಂದ!"

ತಂತಿಗೆ ಒಳಗೊಳಗೇ ಹಿಗ್ಗಾಯಿತು. ಪೆಟ್ಟಿಗೆ ಬಾಯಿ ಬಿಟ್ಟರೆ ಅವನ ಕೆಲಸ ಹೋಗುತ್ತಿತ್ತು. "ಪೆಟ್ಟಿಗೆ ನಡೆದ್ರೆ ನೀನು ಬೇರೆ ಕಡೆ ನೋಡ್ಕೋಪ್ಪ" ಎಂದು ಡಾಕ್ಟರು ಆಗಲೇ ಹೇಳಿದ್ದರು.

"ನೀನು ನಗ್ತಿದೀಯ" ಎಂದ ಭಾವ.

"ಇಲ್ಲ ಭಾವ."

"ಮುಖದಲ್ಲಿ ಅಲ್ಲ, ಹೊಟ್ಟೆಯೊಳಗೆ ನಗ್ತಿದೀಯ. ನಗು, ನಗು. ಪೆಟ್ಟಿಗೆ ಮಾತಾಡ್ಲಿಲ್ಲ ಅಂದ್ರೆ ಸಂಜೆಗೆ ನನ್ನನ್ನ ಕೆಲಸದಿಂದ ತೆಗೀತಾರೆ. ನಾನೂ ನಿಮ್ಮಕ್ಕನೂ ಗಂಟುಮೂಟೆ ಕಟ್ಕೊಂಡು ನಿನ್ನ ಮನೆಗೇ ಬರ್ತೀವಿ. ನಿಂದು ಎಷ್ಟು ಕೋಣೆ?"

"ಒಂದೇ ಭಾವ."

"ಸಾಕು. ಹೊಂದಿಸಿಕೊಳ್ಳೋಣ."

ತಂತಿಯ ನಗು ಮರಳಿಗೆ ಸುರಿದ ನೀರಿನ ಹಾಗೆ ಇಂಗಿಹೋಯಿತು. ಭಾವನ ಗೊರಕೆಗೆ ಎದುರುಮನೆಯ ನಾಯಿ ಬೊಗಳುವುದನ್ನು ಅವನು ಕಣ್ಣಾರೆ ಕಂಡಿದ್ದ. ಅಷ್ಟರಲ್ಲಿ ಅಕ್ಕನ ಫೋನೂ ಬಂತು.

"ತಮ್ಮಾ, ನಿಮ್ಮ ಭಾವ ಹೇಳಿದ್ದು ಮಾಡಿಬಿಡೋ. ಆಗಲ್ಲ ಅಂದ್ರೆ ನನ್ನ ಹೊಲಿಗೆ ಮಿಷನ್ ಇಡೋಕೆ ಬೆಳಕಿರೋ ಜಾಗ ಮಾಡಿಡು."

ಭಾವ ಹೇಳಿದ್ದು ಇಷ್ಟೇ. ಬೀರುವಿನ ಹಲಗೆಗಳನ್ನು ತೆಗೆದಾಗಿದೆ. ತಂತಿ ಒಳಗೆ ಕೂರಬೇಕು. ಬಾಗಿಲಿನಲ್ಲಿ ಗಾಳಿಗೆಂದು ಸೀಳುಗಳಿವೆ, ಅದರಿಂದ ಯಂತ್ರದ ಮುಖ ಕಾಣುತ್ತದೆ. ಕೀಬೋರ್ಡ್ ತೊಡೆಯ ಮೇಲೆ, ಅದರ ವಯರು ಬೀರುವಿನ ಬೆನ್ನಿನ ತೂತಿನಿಂದ ಕಂಪ್ಯೂಟರಿಗೆ. ಮೇಲೆ ಹಸಿರು ದೀಪ, ಒಳಗೆ ತಂತಿ.

"ಪೆಟ್ಟಿಗೆ ನಡೀತು ಅಂತ ಆದ್ರೆ ನನ್ನ ಗತಿ ಏನು ಭಾವ?"

"ಪೆಟ್ಟಿಗೆಯ ಧೂಳು ಒರೆಸೋಕೆ ಒಬ್ಬ ಬೇಕೇ ಬೇಕು ಅಂತ ಡಾಕ್ಟರಿಗೆ ಹೇಳ್ತೀನಿ. ನಿನ್ನನ್ನ ಬಿಟ್ರೆ ಇನ್ಯಾರನ್ನ ಇಟ್ಕೋತಾರೆ? ಬೀರು ಹತ್ತು, ಹೊತ್ತಾಯ್ತು."

ಒಂದನೇ ಹಾಸಿಗೆಯಲ್ಲಿ ಕಾಲುನೋವಿನ ಅಜ್ಜಿಯೊಬ್ಬಳಿದ್ದಳು. ಹೊದಿಕೆಯಿಂದ ಮೂಗಷ್ಟೇ ಹೊರಗಿಟ್ಟು ಎಲ್ಲ ನೋಡುತ್ತಿದ್ದಳು.

"ಏನಪ್ಪಾ, ಬಟ್ಟೆ ಇಡೋ ಜಾಗಕ್ಕೆ ನೀನು ಹೋಗ್ತಿದೀಯ? ಬಟ್ಟೆ ಎಲ್ಲಿಗೆ ಹೋಯ್ತು?"

"ಅಜ್ಜಿ, ಯಾರಿಗೂ ಹೇಳಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಭಾವ ಬಗ್ಗಿದ.

"ಕಾಲು ಮಾತ್ರ ಮುಟ್ಟಬೇಡ! ನೋವಿರೋದೇ ಅಲ್ಲಿ."

ತಂತಿ ಮಡಿಸಿದ ಕೊಡೆಯ ಹಾಗೆ ಒಳಗೆ ಸೇರಿಕೊಂಡ. ಬೀರುವಿನಲ್ಲಿ ಹೊದಿಕೆ ಇರಲಿಲ್ಲ, ಆದರೆ ಹೊದಿಕೆಗೆ ಹಾಕಿದ್ದ ನುಸಿಗುಳಿಗೆಗಳೆಲ್ಲ ಇದ್ದವು. ಸೀಳಿನಿಂದ ನೋಡಿದ. ಯಂತ್ರ ಕಂಡಿತು, ಅಜ್ಜಿಯ ಮೂಗು ಕಂಡಿತು, ದೂರದಲ್ಲಿ ಕಿಟಕಿಯ ಮೇಲೆ ತನ್ನ ಊಟದ ಡಬ್ಬಿಯೂ ಕಂಡಿತು. ಬೆಳಿಗ್ಗೆ ಏನನ್ನೂ ತಿಂದಿಲ್ಲ ಎನ್ನುವುದು ಆಗ ನೆನಪಾಯಿತು. ಭಾವ ಬಾಗಿಲು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಮುಖ್ಯಸ್ಥರು ಬಂದರು. ಮೊದಲು ಅವರ ಹೊಟ್ಟೆ ಬಾಗಿಲು ದಾಟಿತು, ಆಮೇಲೆ ಅವರು, ಅವರ ಹಿಂದೆ ಮೂವರು ಕಿರಿಯ ಡಾಕ್ಟರುಗಳು, ಕೊನೆಯಲ್ಲಿ ಕೈ ಉಜ್ಜಿಕೊಳ್ಳುತ್ತ ಈ ಆಸ್ಪತ್ರೆಯ ಡಾಕ್ಟರು.

"ಇಂಥ ಪೆಟ್ಟಿಗೆ ಬಹಳ ನೋಡಿದೀನಿ" ಎಂದರು ಮುಖ್ಯಸ್ಥರು. "ಎಲ್ಲದರ ದೀಪವೂ ಹತ್ತುತ್ತೆ. ತೋರಿಸಿ."

ಅಜ್ಜಿಯ ತೋಳಿಗೆ ಪಟ್ಟಿ ಸುತ್ತಿದರು. ಯಂತ್ರ ಟುಂಯ್ ಎಂದು ಅಂಕಿ ತೋರಿಸಿತು. ಎಲ್ಲರೂ ಪರದೆ ನೋಡಿದರು. ಬೀರುವಿನಿಂದ ಟಕ್... ಟಕ್... ಎಂದು ಸದ್ದು.

"ಏನದು ಸದ್ದು?"

"ಯೋಚನೆ ಮಾಡ್ತಿದೆ ಸಾರ್" ಎಂದ ಭಾವ.

ಪರದೆಯ ಮೇಲೆ ಒಂದೊಂದಾಗಿ ಅಂಕಿ ಮೂಡಿತು. ಬಿ.ಪಿ. ಬಂತು, ನಾಡಿ ಬಂತು, ಜ್ವರ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ 'ಇತರೆ' ಖಾಲಿ ಉಳಿದಿತ್ತು, ತಂತಿಯ ಬೆರಳು ಅವನನ್ನು ಕೇಳದೆ ತಾನಾಗಿಯೇ ಓಡಿತು. 'ಊಟ ಆಗಿದೆ. ರಾತ್ರಿ ನಿದ್ದೆ ಇಲ್ಲ. ಸೊಸೆ ನೋಡಲು ಬಂದಿಲ್ಲ.'

ಭಾವನ ಮುಖ ಸುಣ್ಣದ ಗೋಡೆಯಾಯಿತು.

"ಅಮ್ಮಾ, ಇದು ನಿಜವಾ?" ಎಂದು ಮುಖ್ಯಸ್ಥರು ಕೇಳಿದರು.

ಅಜ್ಜಿ ಬೀರುವಿನ ಕಡೆ ತಿರುಗಿ ಕಣ್ಣು ಕೆಕ್ಕರಿಸಿದಳು. "ಸೊಸೆ ವಿಷಯ ನಿನಗೊಬ್ಬನಿಗೇ ಅಂತ ಹೇಳಿದ್ದಲ್ಲವೇನೋ? ಊರಿಗೆಲ್ಲ ಡಂಗುರ ಹೊಡೀತೀಯಾ?"

"ರೋಗಿಗಳು ಪೆಟ್ಟಿಗೆ ಜೊತೆ ಮಾತಾಡ್ತಾರಾ?"

"ಬಹಳ ಹಚ್ಚಿಕೊಂಡಿದಾರೆ ಸಾರ್" ಎಂದ ಭಾವ, ಬೆವರು ಒರೆಸಿಕೊಳ್ಳುತ್ತ.

ಅದೇ ಹೊತ್ತಿಗೆ ನುಸಿಗುಳಿಗೆ ತನ್ನ ಕೆಲಸ ಮಾಡಿತು. ಬೀರು ಸಣ್ಣಗೆ ಅದುರಿ, "ಆಕ್ಷೀ!" ಎಂದಿತು.

"ಒಳಗೆ ಫ್ಯಾನಿದೆ ಸಾರ್. ಬಿಸಿ ಗಾಳಿ ಹೊರಗೆ ಬಿಡುತ್ತೆ."

"ನೂರು ವರ್ಷ ಬಾಳು ಕಂದಾ" ಎಂದು ಅಜ್ಜಿ, ಸಿಟ್ಟು ಮರೆತು, ಬೀರುವಿಗೆ ಹರಸಿದಳು.

ಮುಖ್ಯಸ್ಥರು ಅಂಗಿಯ ತೋಳು ಮಡಚಿ ತಾವೇ ಸ್ಟೂಲಿನ ಮೇಲೆ ಕೂತರು. "ಎಲ್ಲಿ, ನನ್ನದು ನೋಡ್ಲಿ." ಪಟ್ಟಿ ಸುತ್ತಿದರು. ಅಂಕಿಗಳು ಬಂದವು, ಸ್ವಲ್ಪ ಜಾಸ್ತಿಯೇ ಬಂದವು. ಅಷ್ಟರಲ್ಲಿ ಅವರ ಹೊಟ್ಟೆ ಹಳೆಯ ಬಾಗಿಲು ತೆರೆದ ಹಾಗೆ ಗೊರ್ ಎಂದಿತು. ಬೀರುವಿನೊಳಗಿನ ಹಸಿದ ಹೊಟ್ಟೆಗೆ ಆ ಭಾಷೆ ಚೆನ್ನಾಗಿ ಅರ್ಥವಾಯಿತು. ಸೀಳಿನಿಂದ ತಂತಿಗೆ ಅವರ ಕಾಲೂ ಕಾಣುತ್ತಿತ್ತು. ಟಕ್, ಟಕ್, ಟಕ್.

'ಬೆಳಿಗ್ಗೆಯಿಂದ ಊಟ ಆಗಿಲ್ಲ. ಕಾಲುಚೀಲ ಒಂದು ಕಪ್ಪು, ಒಂದು ಕಂದು. ಮನೆಯಲ್ಲಿ ಜಗಳ ಆಗಿರಬಹುದು.'

ಭಾವ ಕಣ್ಣು ಮುಚ್ಚಿಕೊಂಡ. ಆದರೆ ಮುಖ್ಯಸ್ಥರು ಪರದೆಯನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಒರೆಸಿದರು, ಮೂಗೂ ಒರೆಸಿಕೊಂಡರು.

"ನನ್ನ ಆಸ್ಪತ್ರೆ ತುಂಬ ಡಾಕ್ಟರುಗಳಿದಾರೆ. ಒಬ್ಬನಾದ್ರೂ ಇವತ್ತಿನವರೆಗೂ ಊಟ ಆಯ್ತಾ ಅಂತ ಕೇಳಿದಾನಾ?"

ಕಿರಿಯರು ಮೂವರೂ ನೆಲ ನೋಡಿದರು. ಒಬ್ಬ ಧೈರ್ಯ ಮಾಡಿ, "ಊಟ ಆಯ್ತಾ ಸಾರ್?" ಎಂದ.

"ಈಗ ಕೇಳ್ತಾನೆ!" ಎಂದು ಅವರು ಸಿಡಿದು ಎದ್ದರು. "ಇದು ಇಲ್ಲಿರೋ ಪೆಟ್ಟಿಗೆ ಅಲ್ಲ. ಈಗಲೇ ನಮ್ಮಲ್ಲಿಗೆ ತಗೊಂಡು ಹೋಗ್ತೀನಿ. ನಿಮ್ಮ ಆಸ್ಪತ್ರೆಯನ್ನೂ ನಮ್ಮ ಜೊತೆ ಸೇರಿಸ್ಕೊಂಡಾಯ್ತು ಅಂತ ತಿಳ್ಕೊಳಿ."

ಡಾಕ್ಟರು ನಿಂತಲ್ಲೇ ಒಂದು ಗೇಣು ಎತ್ತರವಾದರು. ಭಾವ ಮಾತ್ರ ಬೀರುವಿಗೆ ಅಡ್ಡ ನಿಂತ.

"ಸಾರ್, ಸ್ವಲ್ಪ ಹೊತ್ತು ಕೊಡಿ. ಪೆಟ್ಟಿಗೆ ಬಿಚ್ಚಿ, ಕಟ್ಟಿ ಕೊಡ್ತೀನಿ."

"ಮುಟ್ಟಬೇಡ! ಬಿಚ್ಚಿ ಬಿಚ್ಚಿ ಎಷ್ಟು ಯಂತ್ರಗಳನ್ನ ಮೂಕ ಮಾಡಿದಾರೆ ಗೊತ್ತಾ ನಮ್ಮಲ್ಲಿ? ಒಂದು ತಿರುಪು ಸಡಿಲಾದ್ರೂ ಮಾತು ನಿಂತುಹೋಗುತ್ತೆ. ಬೀರು ಸಮೇತ, ಕಂಪ್ಯೂಟರ್ ಸಮೇತ ಎತ್ತಿ. ಬಾಗಿಲಿಗೆ ಬೀಗ ಹಾಕಿ."

"ಆ ತಂತಿ ಎಲ್ಲಿ? ಎತ್ತೋಕೆ ಬರ್ಲಿ" ಎಂದರು ಡಾಕ್ಟರು.

"ಇಲ್ಲೇ... ಎಲ್ಲೋ... ಇದ್ದ ಸಾರ್."

"ನೋಡಿ, ಕೆಲಸದ ಹೊತ್ತಲ್ಲಿ ಯಾವಾಗಲೂ ಮಾಯ!"

ಬೀಗ ಬಿತ್ತು. ನಾಲ್ವರು ಕೂಲಿಯವರು ಬಂದು ಬೀರುವನ್ನು ವಾಲಿಸಿದರು. ಒಳಗೆ ತಂತಿ ತಲೆಕೆಳಗಾಗಿ, ಮೂಗು ಕೀಬೋರ್ಡಿಗೆ ಒತ್ತಿತು.

"ಅಬ್ಬಾ! ಬಟ್ಟೆ ಬೀರು ಇಷ್ಟು ಭಾರನಾ?" ಎಂದ ಮುಂದಿನವನು.

"ಊರಿನ ರೋಗವೆಲ್ಲ ಇದರೊಳಗಿದೆಯಂತೆ. ಭಾರ ಇರದೆ ಇರುತ್ತಾ?" ಎಂದ ಹಿಂದಿನವನು.

ತಂತಿಗೆ ಕೂಗೋಣ ಅನ್ನಿಸಿತು. ಕೂಗಿದರೆ ಭಾವನ ಕೆಲಸ ಹೋಗುತ್ತದೆ. ಭಾವನ ಕೆಲಸ ಹೋದರೆ ಭಾವ, ಅಕ್ಕ, ಹೊಲಿಗೆ ಮಿಷನ್, ಗೊರಕೆ ಎಲ್ಲವೂ ತನ್ನ ಒಂದು ಕೋಣೆಗೆ. ಅವನು ಅಂಗಿಯ ತೋಳು ಕಚ್ಚಿಕೊಂಡ. ಮೆಟ್ಟಿಲಿಳಿಯುವಾಗ ಭಾವ ಸೀಳಿಗೆ ಬಾಯಿಟ್ಟು, "ಉಸಿರೆತ್ತಬೇಡ, ಹೇಗಾದ್ರೂ ಮಾಡಿ ಇಳಿಸ್ತೀನಿ" ಎಂದು ಪಿಸುಗುಟ್ಟಿದ.

"ಅಯ್ಯೋ, ಡಬ್ಬಿ! ಮಗು ಡಬ್ಬಿ ಬಿಟ್ಟು ಹೋಗ್ತಿದೆ!" ಎಂದು ಅಜ್ಜಿ ಹಾಸಿಗೆಯಿಂದ ಕೂಗಿದಳು.

"ವಯಸ್ಸಾಯ್ತು ಪಾಪ" ಎಂದರು ಡಾಕ್ಟರು.

ವ್ಯಾನು ಹೊರಟಿತು. ಭಾವ ಗೇಟಿನ ತನಕ ಅದರ ಹಿಂದೆ ಓಡಿದ. ಗೇಟಿನ ಪಕ್ಕ ಟೀ ಅಂಗಡಿ ಇತ್ತು, ಅಲ್ಲಿ ನಿಂತ.

ದೊಡ್ಡಾಸ್ಪತ್ರೆಯ ದೊಡ್ಡ ವಾರ್ಡಿನಲ್ಲಿ ಬೀರುವನ್ನು ಮದುಮಗನನ್ನು ಇಳಿಸಿದ ಹಾಗೆ ಇಳಿಸಿದರು. ಡಾಕ್ಟರುಗಳು, ನರ್ಸುಗಳು ಸುತ್ತ ಸೇರಿದರು. ಕಂಪ್ಯೂಟರಿಗೆ ಕರೆಂಟು ಕೊಟ್ಟರು. ಯಾರ ತೋಳಿಗೂ ಇನ್ನೂ ಪಟ್ಟಿ ಸುತ್ತಿರಲಿಲ್ಲ. ಆದರೂ ಪರದೆಯ ಮೇಲೆ ತಾನಾಗಿಯೇ ಅಕ್ಷರ ಮೂಡಿತು.

'ಊಟ ಆಗಿಲ್ಲ.'

ಚಪ್ಪಾಳೆಯೋ ಚಪ್ಪಾಳೆ.

'ನಿಜವಾಗಲೂ ಊಟ ಆಗಿಲ್ಲ. ಬಾಗಿಲು ತೆಗೆಯಿರಿ.'

ಮುಖ್ಯಸ್ಥರು ಪರದೆಯ ಕಡೆ ಕೈ ತೋರಿದರು. "ನೋಡಿದ್ರಾ? ರೋಗಿಗಳಿಗೆ ಹಸಿವಾಗಿದೆ, ಅಡುಗೆಮನೆ ಬಾಗಿಲು ತೆಗೀರಿ ಅಂತಿದೆ. ನಿಮಗ್ಯಾರಿಗಾದ್ರೂ ಹೊಳೆದಿತ್ತಾ ಇದು? ತೆಗೀರಿ ಅಡುಗೆಮನೆ!"

ಆವತ್ತು ಆ ವಾರ್ಡಿನವರಿಗೆಲ್ಲ ಹೊತ್ತಿಗೆ ಮುಂಚೆಯೇ ಊಟ ಬಂತು. ಕೆಲವರಿಗೆ ಎರಡೆರಡು ಸಲ ಬಡಿಸಿದರು. ಬೀರುವಿನ ಸೀಳುಗಳಿಂದ ಒಳಗೆ ಹೋದದ್ದು ವಾಸನೆ ಮಾತ್ರ.

ಸಂಜೆ, ಎಲ್ಲರೂ ಚದುರಿದ ಮೇಲೆ, ವಾರ್ಡಿನ ಆಯಾ ಹೊದಿಕೆ ಇಡಲು ಬೀರುವಿನ ಬೀಗ ತೆಗೆದಳು. ಮುದುಡಿ ಕೂತಿದ್ದ ತಂತಿಯನ್ನು ನೋಡಿದಳು. ಕಿರುಚಲಿಲ್ಲ. ಹೊದಿಕೆಗಳನ್ನು ಅವನ ತೊಡೆಯ ಮೇಲಿಟ್ಟಳು.

"ಹೊಸಬನಾ?"

ತಂತಿ ಹೊದಿಕೆಗಳನ್ನು ಅಪ್ಪಿಕೊಂಡು ತಲೆಯಾಡಿಸಿದ.

"ಎಕ್ಸ್‌ರೇ ಕೋಣೆ ಬೀರುನಲ್ಲಿ ಒಬ್ಬ ಇದಾನೆ. ರಕ್ತಪರೀಕ್ಷೆ ಬೀರುನಲ್ಲಿ ಗಂಡ-ಹೆಂಡತಿ ಇದಾರೆ. ಅವರೆಲ್ಲ ಈ ಹೊತ್ತಿಗೆ ಹೊರಗೆ ಬಂದು ಟೀ ಕುಡೀತಾರೆ. ನಿನ್ನ ವಿಷಯ ಟೀ ಮಾಡೋನಿಗೆ ಯಾರೂ ಹೇಳಿಲ್ಲ, ಇವತ್ತೊಂದಿನ ಹೇಗೋ ಕಳಿ."

"ಎಲ್ಲ ಪೆಟ್ಟಿಗೆಗಳೂ ಹೀಗೇನಾ ಅಕ್ಕಾ?"

"ಪೆಟ್ಟಿಗೆಗಳು ಮಾತಾಡ್ತವೆ ಅಂತ ನೀನೂ ನಂಬಿದ್ಯಾ?"

"ಮುಖ್ಯಸ್ಥರಿಗೆ ಗೊತ್ತಿಲ್ವಾ?"

"ಒಳ್ಳೇ ಮನುಷ್ಯ. ಅವರಿಗ್ಯಾಕೆ ನೋವು ಕೊಡೋದು?"

ಊರಿಗೆ ಹೋಗುವ ಬಸ್ಸು ಆಗಲೇ ಹೊರಟುಹೋಗಿತ್ತು. ರಾತ್ರಿಯನ್ನು ಬೀರುವಿನಲ್ಲೇ ಕಳೆದು, ಶುಕ್ರವಾರ ಬೆಳಿಗ್ಗೆ ಬಸ್ಸಿಗೆ ಹೊರಡೋಣವೆಂದು ತಂತಿ ಒಂದು ಕಾಲು ಹೊರಗಿಟ್ಟ. "ಬಂದ್ರು, ಬಂದ್ರು, ಒಳಗೆ ಹೋಗು!" ಎಂದು ಆಯಾ ಅವನನ್ನು ಹಿಂದಕ್ಕೆ ತಳ್ಳಿದಳು. ಪೆಟ್ಟಿಗೆಯ ಸುದ್ದಿ ಹಬ್ಬಿ, ಡಾಕ್ಟರುಗಳು, ನರ್ಸುಗಳು, ಗೇಟಿನ ಕಾವಲುಗಾರ, ಎಲ್ಲರೂ ತೋಳು ಮಡಚಿಕೊಂಡು ಸಾಲುಗಟ್ಟಿ ನಿಂತಿದ್ದರು. ಯಾರಿಗೂ ಬಿ.ಪಿ. ಬೇಕಿರಲಿಲ್ಲ. ತಮಗೆ ಊಟ ಆಗಿದೆಯೋ ಇಲ್ಲವೋ ಎಂದು ಯಾರಾದರೂ ಹೇಳಲಿ ಎನ್ನುವುದಷ್ಟೇ ಅವರಿಗೆ ಬೇಕಿತ್ತು. ತಂತಿ ದಿನವಿಡೀ ಕುಟ್ಟಿದ. ಬೆರಳು ಬದನೆಕಾಯಿಯ ಹಾಗೆ ಊದಿತು.

ಶನಿವಾರ ನಸುಕಿನಲ್ಲೇ ತಪ್ಪಿಸಿಕೊಂಡು ಬಸ್ಸು ಹತ್ತಿದ. ಮೈಯೆಲ್ಲ ನುಸಿಗುಳಿಗೆಯ ವಾಸನೆ, ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಡಾಕ್ಟರು ಎದುರಾದರು.

"ಬಂದೆಯಾ ಸ್ವಾಮಿ? ಗುರುವಾರ ಬೀರು ಎತ್ತೋಕೆ ಕರೆದ್ರೆ ಇಲ್ಲ. ಶುಕ್ರವಾರ ಪತ್ತೆನೇ ಇಲ್ಲ. ಆ ಪೆಟ್ಟಿಗೆ ನೋಡಿ ಕಲೀಬೇಕು ನೀನು. ರಜೆ ಇಲ್ಲ, ನೆಪ ಇಲ್ಲ, ಊಟ ತಿಂಡಿ ಇಲ್ಲ. ನಿನ್ನನ್ನ ನಿನ್ನೆನೇ ತೆಗೆದಾಯ್ತಪ್ಪ."

"ಸಾರ್, ನಾನು..." ಎಂದು ತಂತಿ ಬಾಯಿ ತೆರೆದ. ಡಾಕ್ಟರ ಬೆನ್ನ ಹಿಂದೆ ಭಾವ ನಿಂತು ಎರಡೂ ಕೈ ಮುಗಿಯುತ್ತಿದ್ದ. ತಂತಿ ಬಾಯಿ ಮುಚ್ಚಿದ.

ಭಾವ ಅವನನ್ನು ದಾಖಲೆ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದ. ಭಾವನಿಗೆ ಹೊಸ ಕುರ್ಚಿ ಬಂದಿತ್ತು, ತಿರುಗುವ ಕುರ್ಚಿ. ಒಳ್ಳೆಯ ಪೆಟ್ಟಿಗೆ ಆರಿಸಿದ್ದಕ್ಕೆ ಡಾಕ್ಟರು ಕೊಟ್ಟದ್ದು.

"ಧೂಳು ಒರೆಸೋ ಕೆಲಸ ಕೊಡಿಸ್ತೀನಿ ಅಂದಿದ್ರಿ ಭಾವ."

"ಧೂಳು ಒರೆಸೋಕೆ ಪೆಟ್ಟಿಗೆ ಇಲ್ಲಿರಬೇಕಲ್ಲಪ್ಪಾ!"

ಆಗಲೇ ಫೋನು ಬಂತು. ಆ ಕಡೆ ಮುಖ್ಯಸ್ಥರು ದುಃಖದಿಂದ ಮಾತಾಡುತ್ತಿದ್ದದ್ದು ತಂತಿಗೂ ಕೇಳಿಸಿತು. ಬೆಳಿಗ್ಗೆಯಿಂದ ಪೆಟ್ಟಿಗೆ ಮೂಕವಾಗಿದೆ, ಏನು ಮಾಡಿದರೂ 'ಕಾಯಿರಿ' ಅನ್ನುತ್ತಿದೆ, ತಮಗೆ ತಿಂಡಿ ಆಗಿದೆಯೋ ಇಲ್ಲವೋ ಎನ್ನುವುದೂ ಗೊತ್ತಾಗುತ್ತಿಲ್ಲ.

"ಗಾಬರಿಯಾಗಬೇಡಿ ಸಾರ್" ಎಂದ ಭಾವ, ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ. "ಒಂದು ಬಿಡಿಭಾಗ ಸಡಿಲವಾಗಿದೆ ಅಷ್ಟೇ. ಸೋಮವಾರದ ಬಸ್ಸಿಗೆ ಕಳಿಸಿಕೊಡ್ತೀನಿ."

ಫೋನಿಟ್ಟು ತಂತಿಯನ್ನು ತಲೆಯಿಂದ ಕಾಲಿನ ತನಕ ನೋಡಿದ.

"ಯಾಕೆ ಭಾವ ಹಾಗೆ ನೋಡ್ತೀರಿ?"

"ಈ ಸಲ ಒಂದು ದಿಂಬು ತಗೊಂಡು ಹೋಗು. ಸೊಂಟಕ್ಕೆ ಒಳ್ಳೇದು."

"ನನ್ನ ಮನೆ?"

"ಅದರ ಚಿಂತೆ ಬಿಡು. ಹೇಗಿದ್ರೂ ಖಾಲಿ ಬಿದ್ದಿರುತ್ತಲ್ಲ, ನಾವೇ ನೋಡ್ಕೋತೀವಿ. ನಿನ್ನ ಕೋಣೇಲಿ ಬೆಳಕು ಚೆನ್ನಾಗಿದೆ ಅಂತ ನಿಮ್ಮಕ್ಕ ನಿನ್ನೆನೇ ಹೊಲಿಗೆ ಮಿಷನ್ ತಂದಿಟ್ಲು."

ಭಾನುವಾರ ಅಜ್ಜಿ ಮನೆಗೆ ಹೋದಳು. ಪರದೆಯ ಮೇಲೆ ಬಿದ್ದ ಮಾತು ಹೇಗೋ ಸೊಸೆಯ ಕಿವಿಗೆ ಮುಟ್ಟಿ, ಅವಳೇ ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ಹೋಗುವ ಮುಂಚೆ ಅಜ್ಜಿ ತಂತಿಯನ್ನು ಕರೆದು, ತೊಳೆದು ಒರೆಸಿ ಜೋಪಾನ ಮಾಡಿದ್ದ ಅವನ ಊಟದ ಡಬ್ಬಿಯನ್ನು ಕೈಗಿಟ್ಟಳು.

ಸೋಮವಾರ ಬೆಳಗಿನ ಬಸ್ಸಿಗೆ ಬಿಡಿಭಾಗ ಹೋಯಿತು. ಕಂಕುಳಲ್ಲಿ ದಿಂಬಿತ್ತು, ಕೈಯಲ್ಲಿ ಡಬ್ಬಿಯಿತ್ತು.